ಒಂದೇ ಕಿವಿಯ ಗೆಳೆಯನೊಡನೆ ಬರ್ಮಿಂಗ್‌ಹ್ಯಾಮ್‌ಗೆ

ದೇವನಹಳ್ಳಿ

ನಮ್ಮ ಕಡೆಯವರಿಗೆ ವಿಮಾನ ನಿಲ್ದಾಣ ಪಕ್ಕದ ಊರಿನ ಸಂಗತಿ. ಬೆಂಗಳೂರಿನ ಜನ ಅರ್ಧ ದಿನ ಮುಂಚೆ ಮನೆ ಬಿಟ್ಟು, ಹೆಬ್ಬಾಳದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಇದ್ದಬದ್ದ ದೇವರನ್ನೆಲ್ಲ ನೆನೆಯುತ್ತಿರುವಾಗ, ದೊಡ್ಡಬಳ್ಳಾಪುರದ ನಾವು ಎರಡನೇ ಸಲ ಕಾಫಿ ಕುಡಿದು ಹೊರಟರೂ ಹೊತ್ತಿಗೆ ಮೊದಲೇ ಹೋಗಿ ಕೂತಿರುತ್ತೇವೆ. ಈ ಒಂದು ವಿಷಯದಲ್ಲಿ ನಮಗೆ ಸ್ವಲ್ಪ ಜಂಬ. ಆದರೆ ಐವತ್ತೆರಡು ವರ್ಷದ ನಾನು ಅದರ ಗಾಜಿನ ಬಾಗಿಲು ದಾಟಿದ್ದು ಇದೇ ಮೊದಲು. ಅಲ್ಲಿಯವರೆಗೆ ಯಾರ್ಯಾರನ್ನೋ ಕಳಿಸಿಕೊಡಲು ಹೋಗಿ, ಕೈ ಬೀಸಿ, ಬರುವ ದಾರಿಯಲ್ಲಿ ಬೋಂಡ ತಿಂದು ವಾಪಸಾದವನು.

ನನ್ನ ಜೊತೆಗಿದ್ದವನು ನಯಾಜ್. ಊರಲ್ಲಿ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಾನೆ. ಮೂವತ್ತೈದು ವರ್ಷ ಆ ಮಗ್ಗಗಳ ನಡುವೆ ನಿಂತು ಅವನ ಬಲಗಿವಿ ಎರಡು ವರ್ಷದ ಹಿಂದೆಯೇ ಹೋಯಿತು. ಎಡಗಿವಿಯಲ್ಲಿ ಒಂದಿಷ್ಟು ಉಳಿದಿತ್ತು. ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಇದೂ ಹೋಗುತ್ತದೆ, ಆರು ತಿಂಗಳೋ ಒಂದು ವರ್ಷವೋ ಹೇಳಲಾಗದು ಎಂದರು. ಮಷಿನ್ ಹಾಕಿಕೊಂಡರೆ, ಆಪರೇಷನ್ ಮಾಡಿಸಿಕೊಂಡರೆ ಮಾತು ಒಂದಷ್ಟು ತಿಳಿದೀತು, ಸಂಗೀತ ಮಾತ್ರ ಮೊದಲಿನಂತೆ ಕೇಳಿಸದು ಎಂದೂ ಅಂದರು. ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತವನು ನನಗೆ ಹೇಳಿದ್ದು ಒಂದೇ ಮಾತು.

“ಮಂಜ, ಬರ್ಮಿಂಗ್‌ಹ್ಯಾಮ್‌ಗೆ ಹೋಗ್ಬರೋಣ ಕಣೋ. ಕಿವಿ ಇರೋವಾಗ್ಲೇ.”

ಏಕೆ ಬರ್ಮಿಂಗ್‌ಹ್ಯಾಮ್ ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಓದುಗರಿಗೆ ಹೇಳಬೇಕು. ನಾನು ತೂಬಗೆರೆ ಕಡೆಯ ರಾಗಿ ಹೊಲದ ಮನೆಯವನು. ಹೈಸ್ಕೂಲಿಗೆಂದು ದೊಡ್ಡಬಳ್ಳಾಪುರಕ್ಕೆ ಬಂದು ಒಂದು ಕೋಣೆಯಲ್ಲಿದ್ದಾಗ ಗೋಡೆಯ ಆಚೆ ಬದಿಯೇ ನಯಾಜನ ಅಪ್ಪನ ಮಗ್ಗದ ಮನೆ. ಅವನ ಚಿಕ್ಕಪ್ಪ ಸೌದಿಯಿಂದ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ಅದನ್ನು ಮಗ್ಗದ ಮನೆಯಲ್ಲಿ ಇಟ್ಟರು. ಸಿನಿಮಾ ಹಾಡು ಹಾಕಿದರು, ಕೇಳಿಸಲಿಲ್ಲ. ಕವ್ವಾಲಿ ಹಾಕಿದರು, ಅದನ್ನೂ ಮಗ್ಗ ನುಂಗಿತು. ಯಾರೋ ಬೆಂಗಳೂರಿನಿಂದ ತಂದಿದ್ದ ಕ್ಯಾಸೆಟ್ಟುಗಳ ರಾಶಿಯಲ್ಲಿ ಕಪ್ಪು ಹೊದಿಕೆಯ ಒಂದಿತ್ತು. ಅದನ್ನು ಹಾಕಿದಾಗ ಮಾತ್ರ ನಾಲ್ಕು ಮಗ್ಗಗಳ ಸದ್ದನ್ನೂ ಮೀರಿ ಗಿಟಾರು ಗುಡುಗಿತು. ಅದಕ್ಕೆ ಹೆವಿ ಮೆಟಲ್ ಎನ್ನುತ್ತಾರೆಂದು ನಮಗೆ ತಿಳಿದದ್ದು ಆಮೇಲೆ. ನಯಾಜನ ಅಪ್ಪ ಒಂದು ಗಳಿಗೆ ಕೇಳಿ, “ಪರವಾಗಿಲ್ಲ, ಇದು ಮಗ್ಗಾನೇ ಹಾಡ್ದಂಗದೆ, ಇರ್ಲಿ ಬಿಡು” ಎಂದರು. ದೊಡ್ಡವರೊಬ್ಬರು ಆ ಸಂಗೀತದ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ.

ಅಂದಿನಿಂದ ನಮ್ಮದು ಒಂದೇ ಜಗಳ. ಈ ಸಂಗೀತ ಹುಟ್ಟಿದ್ದು ಎಲ್ಲಿ? ಅಮೆರಿಕ ಅಂತ ನಾನು. ಅಲ್ಲಿನ ಕಪ್ಪು ಜನರ ದುಃಖದ ಹಾಡು ಬ್ಲೂಸ್, ಅದರ ಗಿಟಾರನ್ನು ಜೋರು ಮಾಡಿದರೆ ಇದು, ಮುಗಿಯಿತು. ಇಂಗ್ಲೆಂಡ್ ಅಂತ ನಯಾಜ್. ಬರ್ಮಿಂಗ್‌ಹ್ಯಾಮ್ ಎಂಬ ಕಬ್ಬಿಣ ಕುಟ್ಟುವ ಊರಿನಲ್ಲಿ, ಹಗಲೆಲ್ಲ ಕಾರ್ಖಾನೆಯ ಸುತ್ತಿಗೆ ಕೇಳಿದ ಬಡ ಹುಡುಗರಿಗೆ ಮಾತ್ರ ಇಂಥ ತಾಳ ಹೊಳೆಯಲು ಸಾಧ್ಯ ಎಂಬುದು ಅವನ ವಾದ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ವಾದ ಮಾಡಿದೆವು, ಮಾಕಳಿದುರ್ಗ ಹತ್ತುತ್ತ ಏದುಸಿರಿನಲ್ಲಿ ವಾದ ಮಾಡಿದೆವು, ಅವನ ನಿಕಾಹ್‌ನ ದಿನ ಶಾಮಿಯಾನದಡಿ ನಿಂತು ವಾದ ಮಾಡಿದೆವು. ತಂಡಗಳ ಹೆಸರು ಮಾತ್ರ ಇಲ್ಲಿ ಬರೆಯಹೋಗುವುದಿಲ್ಲ, ಬರೆದರೆ ಓದುಗರೂ ಜಗಳಕ್ಕೆ ಬರುತ್ತಾರೆ.

ಸೆಕ್ಯೂರಿಟಿಯಲ್ಲಿ ನಯಾಜನ ಕೈಚೀಲವನ್ನು ತಡೆದರು. ಒಳಗೆ ಒಂದು ಲಾಳಿ. ಮಗ್ಗದಲ್ಲಿ ಅತ್ತಿಂದಿತ್ತ ಓಡುತ್ತ ನೂಲು ಹಾಯಿಸುವ, ಎರಡೂ ತುದಿಗೆ ಚೂಪು ಉಕ್ಕು ಹಾಕಿದ ಮರದ ತುಂಡು. ಕಾವಲಿನ ಹೆಂಗಸು ಅದರ ತುದಿಯನ್ನು ಬೆರಳಲ್ಲಿ ಮುಟ್ಟಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

“ಇದ್ಯಾಕೋ ತಂದೆ?” ಎಂದು ಅವನ ಎಡಗಿವಿಗೆ ಕೂಗಿದೆ.

“ಅಲ್ಲಿಯೋರಿಗೆ ತೋರ್ಸೋಕೆ. ನಾವೂ ಸದ್ದಿನ ಊರೋರೇ ಅಂತ ಗೊತ್ತಾಗ್ಬೇಡ್ವಾ?”

ಲಾಳಿ ಅಲ್ಲೇ ಒಂದು ಪ್ಲಾಸ್ಟಿಕ್ ಡಬ್ಬಿಗೆ, ಕತ್ತರಿ ಚಾಕುಗಳ ನಡುವೆ ಬಿತ್ತು. ನಯಾಜ್ ಎರಡು ಸಲ ಹಿಂತಿರುಗಿ ನೋಡಿದ.

ಬಂದಿಳಿದ ದಿನ

ನಯಾಜನಿಗೆ ಕಿವಿಗಿಂತ ಕಣ್ಣು ಚುರುಕು. ಮಗ್ಗದ ಮನೆಯಲ್ಲಿ ಎಷ್ಟು ಕೂಗಿದರೂ ಎದುರಿನವನಿಗೆ ಕೇಳಿಸದು. ಅದಕ್ಕೇ ಅಲ್ಲಿಯವರು ದನಿಯನ್ನೇ ತೆಗೆಯದೆ ತುಟಿಯಾಡಿಸಿ, ಹುಬ್ಬು, ಕೈ, ಬೆರಳು ಸೇರಿಸಿ ಮಾತಾಡುತ್ತಾರೆ. ಇಬ್ಬರು ನೇಕಾರರು ಮದುವೆ ಮನೆಯ ಆ ಮೂಲೆ ಈ ಮೂಲೆಯಲ್ಲಿ ನಿಂತು, ನಡುವೆ ಇನ್ನೂರು ಜನ ಇರುವಾಗಲೇ, ಅಡಿಗೆಗೆ ಉಪ್ಪು ಕಮ್ಮಿ ಎಂದು ಮಾತಾಡಿಕೊಂಡದ್ದನ್ನು ನಾನೇ ಕಂಡಿದ್ದೇನೆ. ನನಗೂ ಕಲಿಸಲು ನಯಾಜ್ ಎಷ್ಟೋ ಸಲ ನೋಡಿದ. “ದೇವ್ರು ನಂಗೆ ಗಂಟಲು ಕೊಟ್ಟಿದಾನೆ, ಕೂಗ್ತೀನಿ ಬಿಡು” ಎಂದು ನಾನು ಸೋಮಾರಿಯಾದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನಿಗೆ ಗಂಟಲಿಗೇನು ಬರ.

ಬರ್ಮಿಂಗ್‌ಹ್ಯಾಮಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಏನೋ ಕೇಳಿದ. ನಯಾಜ್ ಅವನ ಬಾಯನ್ನೇ ದಿಟ್ಟಿಸಿದ. ಮತ್ತೆ ಕೇಳಿದ. ನಯಾಜ್ ಇನ್ನಷ್ಟು ಬಗ್ಗಿ ದಿಟ್ಟಿಸಿದ. ಆಮೇಲೆ ನನ್ನ ಕಡೆ ತಿರುಗಿ, ಇಡೀ ಸಾಲಿಗೆ ಕೇಳುವಂತೆ ಹೇಳಿದ.

“ಇವರ ತುಟೀನೇ ಅಲ್ಲಾಡಲ್ವಲ್ಲೋ! ಹಲ್ಲು ನೋವಾ?”

ಕನ್ನಡದ ತುಟಿ, ಮನೆಯಲ್ಲಾಡುವ ದಖನಿ ಉರ್ದುವಿನ ತುಟಿ ಅವನಿಗೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷರು ಮಾತಾಡುವಾಗ ಬಾಯಿ ತೆರೆಯುವುದೇ ಇಲ್ಲ. ಯಾಕೆ ಬಂದ್ರಿ ಅಂತ ಕೇಳ್ತಿದಾರೆ ಎಂದು ನಾನು ಕೂಗಿ ಹೇಳಿದೆ. ಅವನು ನೆಟ್ಟಗೆ ನಿಂತು ಉತ್ತರ ಕೊಟ್ಟ.

“ಟು ಹಿಯರ್, ಸರ್.”

“ಏನನ್ನು ಕೇಳಲು?” ಅಧಿಕಾರಿಯ ಪ್ರಶ್ನೆಯನ್ನು ಮತ್ತೆ ನಾನೇ ಕೂಗಿ ದಾಟಿಸಿದೆ.

“ಯುವರ್ ಊರ್ ನಾಯ್ಸ್, ಸರ್. ಫ್ಯಾಕ್ಟರಿ ನಾಯ್ಸ್.”

ಅಧಿಕಾರಿ ನಕ್ಕ. ಆ ಕಾರ್ಖಾನೆಗಳೆಲ್ಲ ನನ್ನ ಅಪ್ಪನ ಕಾಲಕ್ಕೇ ಮುಚ್ಚಿಹೋದವು, ನಿಮಗೆ ಶುಭವಾಗಲಿ ಎಂದು ಠಸ್ಸೆ ಒತ್ತಿದ. ಏನಂದ, ಏನಂದ ಎಂದು ನಯಾಜ್ ನನ್ನ ತೋಳು ಜಗ್ಗಿದ. ಶುಭವಾಗಲಿ ಅಂದ ಎಂದಷ್ಟೇ ಹೇಳಿದೆ.

ನಯಾಜನ ಅಕ್ಕನ ಮಗಳು ಶಬಾನಾ ಅಲ್ಲಿ ನರ್ಸು. ಅವಳೇ ಕಾಗದ ಪತ್ರ ಮಾಡಿಸಿ ನಮ್ಮನ್ನು ಕರೆಸಿಕೊಂಡವಳು. ಸ್ಪಾರ್ಕ್‌ಹಿಲ್ ಎಂಬ ಬಡಾವಣೆಯಲ್ಲಿ ಅವಳ ಮನೆ. ಆ ಬೀದಿಗೆ ಕಾಲಿಟ್ಟರೆ ಶಿವಾಜಿನಗರವನ್ನು ತೊಳೆದು, ಒಣಗಿಸಿ, ಫ್ರಿಜ್ಜಿನಲ್ಲಿ ಇಟ್ಟಂತಿದೆ. ಬುರ್ಖಾ ಅಂಗಡಿ, ಮಿಠಾಯಿ ಅಂಗಡಿ, ಹಲಾಲ್ ಮಾಂಸ, ಎಲ್ಲವೂ ಉಂಟು, ಗಲಾಟೆ ಮಾತ್ರ ಇಲ್ಲ.

ಬಸ್ಸಿನಲ್ಲಂತೂ ಯಾರೂ ಉಸಿರೆತ್ತುವುದಿಲ್ಲ. ನಮ್ಮ ಯಶವಂತಪುರ ಬಸ್ಸಿನಲ್ಲಿ ಯಲಹಂಕ ದಾಟುವುದರೊಳಗೆ ಪಕ್ಕದವರ ಸಕ್ಕರೆ ಕಾಯಿಲೆಯ ಪೂರ್ತಿ ಚರಿತ್ರೆ ಗೊತ್ತಾಗಿರುತ್ತದೆ. ಇಲ್ಲಿ ಕೆಮ್ಮಿದರೂ ಸಾರಿ ಎನ್ನುತ್ತಾರೆ. ಆದರೆ ಇಳಿಯುವಾಗ ಒಬ್ಬೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಅದು ನಯಾಜನಿಗೆ ಬಹಳ ಹಿಡಿಸಿತು. ಅವನು ಹೇಳಿದ ಥ್ಯಾಂಕ್ಸಿಗೆ ಹಿಂದಿನ ಸೀಟಿನ ಮಗು ಬೆಚ್ಚಿತು.

ಮೂರನೆಯ ದಿನ, ಕಾಲುವೆ ದಂಡೆ

ಸುತ್ತಿಗೆಯ ಸದ್ದು ಹುಡುಕಿಕೊಂಡು ಎರಡು ದಿನ ಅಲೆದೆವು. ಅಧಿಕಾರಿ ಹೇಳಿದ್ದು ನಿಜ. ಕೆಂಪು ಇಟ್ಟಿಗೆಯ ಕಾರ್ಖಾನೆಗಳೇನೋ ನಿಂತಿವೆ, ಒಳಗೆ ಮನೆಗಳು. ಚಿಮಣಿಯ ಬುಡದಲ್ಲಿ ಕಾಫಿ ಅಂಗಡಿ. ಹಿಂದೆ ಕಲ್ಲಿದ್ದಲು ಸಾಗಿಸುತ್ತಿದ್ದ ಕಾಲುವೆಯಲ್ಲಿ ಬಾತುಕೋಳಿಗಳು. ನಾಯಿ ಹಿಡಿದವರು ಬರುತ್ತಾರೆ, ಮಳೆ ಬರುತ್ತಾ ಇಲ್ವಾ ಎಂಬ ಮಾತಾಡುತ್ತಾರೆ, ಹೋಗುತ್ತಾರೆ.

ಕಲ್ಲು ಬೆಂಚಿನ ಮೇಲೆ ಕೂತು ನಯಾಜ್ ಎಡಗಿವಿಯನ್ನು ಕಾರ್ಖಾನೆಯ ಗೋಡೆಯ ಕಡೆ ತಿರುಗಿಸಿಕೊಂಡ.

“ಏನಾದ್ರೂ ಕೇಳ್ಸುತ್ತೇನೋ ನಿಂಗೆ?”

“ಇಲ್ಲ ಕಣೋ.”

“ನಂಗೊಬ್ಬಂಗೇ ಕೇಳ್ತಿಲ್ವೇನೋ ಅಂದ್ಕೊಂಡೆ.”

ನಮ್ಮ ಊರಿನಲ್ಲಿ ಬೀದಿ ಬೀದಿಯೂ ಖಟಕ್ ಖಟಕ್ ಎನ್ನುತ್ತಿರುತ್ತದೆ. ಕರೆಂಟು ಹೋದಾಗ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಆಗ ತೊಟ್ಟಿಲಲ್ಲಿ ಮಲಗಿದ್ದ ಕೂಸುಗಳು ಎಚ್ಚೆತ್ತು ಅಳುತ್ತವೆ. ಸದ್ದಿಗೆ ಮಲಗಿ, ನಿಶ್ಶಬ್ದಕ್ಕೆ ಬೆದರುವ ಕೂಸುಗಳು. ನಯಾಜನೂ ಹಾಗೆ ಬೆಳೆದವನೇ. ಆ ಬೆಂಚಿನ ಮೇಲೆ ಅವನ ಮುಖ ನೋಡಿ ನನಗೆ ಸಂಕಟವಾಯಿತು.

ಆದರೂ ಕೆಣಕದೆ ಇರಲಾಗಲಿಲ್ಲ. “ನೋಡು, ನಿನ್ನ ಇಂಗ್ಲೆಂಡಿನ ಲೋಹ ತುಕ್ಕು ಹಿಡಿದೋಯ್ತು. ಅಮೆರಿಕಕ್ಕೆ ಹೋಗ್ಬೇಕಿತ್ತು ನಾವು.”

“ಹೋಗಲೇ. ಅಮೆರಿಕದಲ್ಲಿ ನಿನ್ನ ಬ್ಲೂಸ್ ಹಾಡೋರು ಎಲ್ಲವ್ರೆ? ಅವರೂ ಕಾಫಿ ಅಂಗಡೀಲೇ ಕೂತಿರ್ತಾರೆ” ಎಂದು ನಕ್ಕ. ನಕ್ಕದ್ದು ನೋಡಿ ನನಗೆ ಸಮಾಧಾನವಾಯಿತು.

ಪಬ್, ಭಾನುವಾರ ಮಧ್ಯಾಹ್ನ

ಶಬಾನಾ ಎಲ್ಲೆಲ್ಲೋ ವಿಚಾರಿಸಿ ಒಂದು ಪಬ್ ಹುಡುಕಿದಳು. ಅಲ್ಲಿ ಭಾನುವಾರ ಮಧ್ಯಾಹ್ನ ಊರಿನ ವಯಸ್ಸಾದವರು ಸೇರಿ ಹೆವಿ ಮೆಟಲ್ ಬಾರಿಸುತ್ತಾರಂತೆ. ಪಬ್ಬಿನಲ್ಲಿ ನಯಾಜ್ ಟೀ ಕೇಳಿದ. ಕೊಡುವುದಿಲ್ಲ ಎಂದುಕೊಂಡಿದ್ದೆ, ಕೊಟ್ಟರು, ಹಾಲನ್ನು ಬೇರೆ ಚಿಕ್ಕ ಲೋಟದಲ್ಲಿ ಇಟ್ಟು.

ನಮ್ಮ ಮೇಜಿಗೆ ಬಂದು ಕೂತವರು ಡೆರೆಕ್. ಎಪ್ಪತ್ತರ ಮೇಲಾಗಿದೆ, ಭುಜದವರೆಗೆ ಬಿಳಿ ಕೂದಲು, ಹೊಟ್ಟೆಯ ಮೇಲೆ ಬಿಗಿಯಾದ ಕಪ್ಪು ಅಂಗಿ. ನಾವು ಬಂದ ಕಾರಣ ಕೇಳಿ ಅವರಿಗೆ ಖುಷಿಯಾಯಿತು. ಆದರೆ ನಮ್ಮ ವಾದ ಕೇಳಿ ಅವರು ಕೊಟ್ಟ ತೀರ್ಪು ನಯಾಜನ ಪಾಲಿಗೆ ಸಿಡಿಲು. ಅಮೆರಿಕದ ರೆಕಾರ್ಡುಗಳು ಬರದೇ ಇದ್ದಿದ್ದರೆ ನಮ್ಮ ಹುಡುಗರು ಇವತ್ತಿಗೂ ಮದುವೆ ಮನೆಯಲ್ಲಿ ಕುಣಿತದ ಹಾಡು ಬಾರಿಸಿಕೊಂಡು ಇರುತ್ತಿದ್ದರು, ನಾವು ಸೇರಿಸಿದ್ದು ಬರೀ ಸಿಡುಕು ಎಂದರು ಡೆರೆಕ್. ನಾನು ಒಂದಕ್ಷರ ಬಿಡದೆ ಅದನ್ನು ನಯಾಜನ ಕಿವಿಗೆ ತುಂಬಿದೆ. ಇಷ್ಟು ಶ್ರದ್ಧೆಯಿಂದ ನಾನು ಪಾಠವನ್ನೂ ಮಾಡಿದವನಲ್ಲ.

“ಇವ್ರು ಇಲ್ಲಿಯೋರೇನಾ? ಪಾಸ್‌ಪೋರ್ಟ್ ನೋಡೋ ಮೊದ್ಲು” ಎಂದ ನಯಾಜ್. ಆಮೇಲೆ ಡೆರೆಕ್ ಕಡೆ ಬಾಗಿ, ನೀವು ಕೆಲಸ ಮಾಡಿದ್ದೆಲ್ಲಿ ಎಂದು ತನ್ನ ಇಂಗ್ಲಿಷಿನಲ್ಲೇ ಕೇಳಿದ.

ಕಾರಿನ ಬಾಗಿಲಿಗೆ ತಗಡು ಒತ್ತುವ ಕಾರ್ಖಾನೆಯಲ್ಲಿ, ಇಪ್ಪತ್ತೆರಡು ವರ್ಷ ಎಂದರು ಡೆರೆಕ್. ಅದನ್ನೂ ನಯಾಜನ ಕಿವಿಗೆ ಕೂಗಿದೆ.

“ಆ ಪ್ರೆಸ್ಸಿನ ಸದ್ದು ಹೆಂಗಿತ್ತು? ತೋರ್ಸಿ.”

ಡೆರೆಕ್ ಸ್ವಲ್ಪ ಯೋಚಿಸಿ, ಮುಷ್ಟಿ ಬಿಗಿದು ಮೇಜಿನ ಮೇಲೆ ಗುದ್ದಿದರು. ನಿಧಾನಕ್ಕೆ, ಭಾರವಾಗಿ. ಒಂದು ಬಡಿತ, ನಡುವೆ ಬಿಡುವು, ಮತ್ತೊಂದು ಬಡಿತ. ಟೀ ಕಪ್ಪು ಕುಣಿಯಿತು. ನಯಾಜ್ ಎರಡೂ ಅಂಗೈ ಮೇಜಿನ ಮೇಲೆ ಚಪ್ಪಟೆ ಇಟ್ಟು ಕಣ್ಣು ಮುಚ್ಚಿದ.

“ಅದೇ! ಅದೇ ತಾಳ ಕಣೋ ಮಂಜ! ನಮ್ಮ ಮೊದಲನೇ ಕ್ಯಾಸೆಟ್ಟಲ್ಲಿದ್ದಿದ್ದು ಇದೇ! ಯಾವ ಅಮೆರಿಕಾನೋ, ಹೇಳು!”

ಡೆರೆಕ್ ತಮ್ಮ ಮುಷ್ಟಿಯನ್ನೇ ನೋಡಿಕೊಂಡರು. ಹೌದೇನೋ, ಇರಬಹುದು, ನನಗೆ ಹೊಳೆದೇ ಇರಲಿಲ್ಲ ಎಂದರು. ನನ್ನ ಸಾಕ್ಷಿ ಹತ್ತೇ ನಿಮಿಷದಲ್ಲಿ ಎದುರು ಪಕ್ಷಕ್ಕೆ ಹಾರಿದ್ದ. ನಯಾಜ್ ಅಷ್ಟು ಖುಷಿಯಾಗಿದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ.

ಆಮೇಲೆ ತಂಡ ಶುರು ಮಾಡಿತು. ನಾಲ್ಕು ಜನ ಮುದುಕರು, ಬೆನ್ನು ಬಗ್ಗಿದವರು, ಒಬ್ಬರಿಗೆ ಕೂರಲು ಕುರ್ಚಿ ಬೇಕು. ಆದರೆ ಗಿಟಾರಿನ ಮೊದಲ ಪೆಟ್ಟಿಗೆ ಕಿಟಕಿಯ ಗಾಜು ನಡುಗಿತು. ನಯಾಜ್ ಸ್ಪೀಕರಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಎಡಗಿವಿ ಕೊಟ್ಟು ಕೂತ. ಅಷ್ಟು ಹತ್ತಿರ ಬೇಡ ಎಂದು ಶಬಾನಾ ತಡೆದಳು. “ಇರ್ಲಿ ಬಿಡು ಬೇಟಾ, ಯಾವುದಕ್ಕೆ ಉಳಿಸ್ಕೊಳ್ಳಲಿ?” ಎಂದ. ಎರಡು ಹಾಡು ಆಯಿತು. ಅವನ ತಲೆ ತಾಳಕ್ಕೆ ಸರಿಯಾಗಿ ತೂಗುತ್ತಿತ್ತು.

ಮೂರನೇ ಹಾಡಿನ ನಡುವೆ ಅವನ ತಲೆ ನಿಂತಿತು. ನನ್ನ ಕಡೆ ತಿರುಗಿದ.

“ಯಾಕೋ ನಿಲ್ಲಿಸ್ಬಿಟ್ರು? ಕರೆಂಟ್ ಹೋಯ್ತಾ?”

ಡ್ರಮ್ಮಿನವರು ಮೈಮೇಲೆ ಬಂದವರಂತೆ ಬಾರಿಸುತ್ತಿದ್ದರು. ಅವನು ಮೇಲೆ ನೋಡಿದ. ಬಲ್ಬು ಉರಿಯುತ್ತಿತ್ತು. ಡ್ರಮ್ಮಿನವರ ಕೈ ನೋಡಿದ. ಸ್ಪೀಕರಿನ ಮೇಲಿಟ್ಟ ತನ್ನ ಅಂಗೈ ನೋಡಿದ, ಅದು ಸ್ಪೀಕರಿನೊಡನೆ ಅದುರುತ್ತಿತ್ತು. ಅಂಗೈಯನ್ನು ಅಲ್ಲಿಂದ ತೆಗೆಯಲಿಲ್ಲ. ಹಾಡು ಮುಗಿಯುವವರೆಗೂ ಹಾಗೇ ಕೂತ, ಎಲ್ಲರೂ ಚಪ್ಪಾಳೆ ತಟ್ಟಿದ್ದನ್ನು ನೋಡಿ ತಾನೂ ತಟ್ಟಿದ. ನನಗೆ ಎದ್ದು ಹೋಗಿ ಆ ತಂತಿಗಳನ್ನೆಲ್ಲ ಕಿತ್ತು ಎಸೆಯಬೇಕೆನಿಸಿತು.

ಆಸ್ಪತ್ರೆ

ಮರುದಿನ ಶಬಾನಾ ಅವನನ್ನು ಪರೀಕ್ಷೆಗೆ ಕರೆದೊಯ್ದಳು. ಇವತ್ತಲ್ಲ ನಾಳೆ ಹೋಗುವ ಕಿವಿಯೇ, ಇವತ್ತೇ ಹೋಯಿತು ಎಂಬರ್ಥದ ಮಾತನ್ನು ಅಲ್ಲಿಯ ಡಾಕ್ಟರು ಬಹಳ ನಯವಾಗಿ ಹೇಳಿದರು. ಮಾತ್ರೆ ಕೊಟ್ಟರು. ಮರಳಿ ಬರುತ್ತದೆಂಬ ಆಸೆ ಇಟ್ಟುಕೊಳ್ಳಬೇಡಿ ಎಂದರು. ಅವರು ಬರೆದು ತೋರಿಸಿದ ಚೀಟಿಯನ್ನು ನಯಾಜ್ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದ.

ಹೊರಗಿನ ಕುರ್ಚಿಯಲ್ಲಿ ಕೂತು ನಾನು ನನ್ನನ್ನೇ ಬೈದುಕೊಂಡೆ. ಪ್ರತಿ ವರ್ಷ ಹುಡುಗರಿಗೆ ಶಬ್ದದ ಪಾಠ ಮಾಡುತ್ತೇನೆ. ಎಷ್ಟು ಸದ್ದಿಗೆ ಕಿವಿ ಕೆಡುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಅದನ್ನು ಪರೀಕ್ಷೆಗೂ ಕೇಳುತ್ತೇನೆ. ಸಂಜೆ ಅದೇ ಬೀದಿಯಲ್ಲಿ ನಡೆದು ಹೋಗಿ, ಅದೇ ಮಗ್ಗದ ಮನೆಯ ಬಾಗಿಲಲ್ಲಿ ನಿಂತು, ಒಂದೇ ಒಂದು ದಿನ, ಕಿವಿಗೆ ಒಂದಿಷ್ಟು ಹತ್ತಿಯಾದರೂ ಇಟ್ಕೊಳ್ಳೋ ಎಂದು ಗೆಳೆಯನಿಗೆ ಹೇಳಲಿಲ್ಲ. ಅವನು ಆ ಹಾಡುಗಳನ್ನು ಇನ್ನೂ ಜೋರು ಮಾಡಿದಾಗ ನಾನೂ ಕುಣಿದೆ.

“ಮಂಜು ಅಂಕಲ್, ನೀವು ಹಿಂಗೆ ಕೂತ್ರೆ ಮಾಮುಗೆ ಯಾರು ಧೈರ್ಯ ಹೇಳ್ತಾರೆ?” ಎಂದಳು ಶಬಾನಾ. ಅವಳ ಕಣ್ಣೂ ಕೆಂಪಾಗಿತ್ತು.

ಆ ಎರಡು ದಿನ ಮನೆಯಲ್ಲಿ ಎಲ್ಲರೂ ನಯಾಜನನ್ನು ಗಾಜಿನ ಲೋಟದಂತೆ ನೋಡಿಕೊಂಡೆವು. ಊರಿಂದ ಅವನ ಹೆಂಡತಿ ವೀಡಿಯೋ ಕಾಲ್ ಮಾಡಿ ತುಟಿಯಾಡಿಸಿ ಕೇಳಿದಳು, ಊಟ ಆಯ್ತಾ? ಮಾತ್ರೆ ತಗೊಂಡ್ರಾ? ಶಬಾನಾಳೂ ಅದನ್ನೇ ಕೇಳಿದಳು. ನಾನೂ ಕೇಳಿದೆ. ಅವನು ಎಲ್ಲರಿಗೂ ತಲೆಯಾಡಿಸಿದ.

ಗಿರಣಿ ಊರು

ಮ್ಯಾಂಚೆಸ್ಟರಿನಿಂದ ಇನ್ನೂ ಆಚೆ, ಗುಡ್ಡಗಳ ನಡುವಿನ ಒಂದು ಊರಿನಲ್ಲಿ ಹಳೆಯ ಬಟ್ಟೆ ಗಿರಣಿಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿ ನೂರು ವರ್ಷದ ಮಗ್ಗಗಳನ್ನು ಈಗಲೂ ಓಡಿಸಿ ತೋರಿಸುತ್ತಾರೆ. ಹೊರಡುವ ಮೊದಲೇ ಇದಕ್ಕೆ ರೈಲು ಗೊತ್ತು ಮಾಡಿದ್ದೆವು. ಬೇಡ ಬಿಡು, ಮನೆಯಲ್ಲೇ ಇರೋಣ ಎಂದು ನಾನು ಬರೆದು ತೋರಿಸಿದೆ. ನಯಾಜ್ ಆಗಲೇ ಶೂ ಕಟ್ಟಿಕೊಳ್ಳುತ್ತಿದ್ದ.

ಮಗ್ಗದ ಸಾಲುಗಳ ನಡುವೆ ನಿಂತಿದ್ದವರು ಜೋನ್ ಎಂಬ ಹಣ್ಣು ಮುದುಕಿ. ಹದಿನೈದನೇ ವಯಸ್ಸಿಗೆ ಆ ಊರಿನ ಗಿರಣಿ ಸೇರಿ, ಗಿರಣಿ ಮುಚ್ಚುವವರೆಗೂ ನೇಯ್ದವರು. ಈಗ ಬಂದವರಿಗೆ ಮಗ್ಗ ಓಡಿಸಿ ತೋರಿಸುವ ಕೆಲಸ. ಎರಡೂ ಕಿವಿಗೆ ಮಷಿನು. ನಮಗೆಲ್ಲ ಕಿವಿಗೆ ಹಾಕಿಕೊಳ್ಳಲು ಸ್ಪಂಜಿನ ಬಿರಡೆ ಹಂಚಿದರು. ನಯಾಜನಿಗೂ ಚಾಚಿದರು. ಅವನು ಎರಡೂ ಕಿವಿ ಮುಟ್ಟಿಕೊಂಡು ಅಂಗೈ ಕೊಡವಿದ. ಅವರು ಅವನ ಮುಖವನ್ನು ಒಂದು ಗಳಿಗೆ ನೋಡಿ, ಬಿರಡೆಯನ್ನು ತಮ್ಮ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಮಗ್ಗಗಳನ್ನು ಚಾಲೂ ಮಾಡಿದರು.

ಅಯ್ಯಪ್ಪಾ, ಆ ಸದ್ದು! ಬಿರಡೆ ಇದ್ದೂ ನನ್ನ ಹಲ್ಲು ಅದುರಿತು. ಅಷ್ಟರಲ್ಲಿ ಜೋನ್ ನಯಾಜನ ಎದುರು ನಿಂತು ಬಾಯಿ ಅಗಲಿಸಿ, ತುಟಿಯನ್ನು ಹಿಗ್ಗಿಸಿ ಕುಗ್ಗಿಸಿ, ದನಿಯೇ ಇಲ್ಲದೆ ಏನೋ ಹೇಳಿದರು. ಅಲ್ಲಿನ ಗಿರಣಿಯವರೂ ಹೀಗೇ ಮಾತಾಡುತ್ತಿದ್ದರಂತೆ, ಆಮೇಲೆ ಗೊತ್ತಾಯಿತು. ನಯಾಜನ ಹುಬ್ಬು ಮೇಲೇರಿತು. ನಾಲ್ಕು ಬೆರಳು ತೋರಿಸಿದ. ಅವರು ಆರು ತೋರಿಸಿದರು. ನಾಲ್ಕು ಮಗ್ಗ, ಆರು ಮಗ್ಗ. ಅವನು ಎಳೆ ಕಡಿದು ಹೋಗುವುದನ್ನು ಬೆರಳಲ್ಲಿ ಮಾಡಿ ತೋರಿಸಿ ಮುಖ ಸಿಂಡರಿಸಿದ. ಅವರು ಹಣೆ ಬಡಿದುಕೊಂಡರು, ಥೇಟು ನಮ್ಮ ಊರಿನ ಹೆಂಗಸರ ಹಾಗೆ. ಹತ್ತು ನಿಮಿಷ ಇಬ್ಬರೂ ಆ ಗದ್ದಲದ ನಡುವೆ ನಿಂತು ಮಾತಾಡಿದರು. ಎರಡೂ ಕಿವಿ ಗಟ್ಟಿಯಿರುವ ನಾನು, ಇಂಗ್ಲಿಷ್ ಬಲ್ಲವನು, ಒಂದು ಮಾತೂ ತಿಳಿಯದೆ ಪಕ್ಕದಲ್ಲಿ ಪೆದ್ದನ ಹಾಗೆ ನಿಂತಿದ್ದೆ.

ಅವರು ಗದ್ದ ಎತ್ತಿ ನನ್ನ ಕಡೆ ತೋರಿಸಿ ಏನೋ ಅಂದರು. ನಯಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪಬ್ಬಿನ ಆ ಮಧ್ಯಾಹ್ನದ ನಂತರ ಅವನು ನಕ್ಕದ್ದು ಅದೇ ಮೊದಲು. ಹೊರಗೆ ಬಂದ ಮೇಲೆ ಏನಂದ್ರು ಎಂದು ಸನ್ನೆ ಮಾಡಿ ಕೇಳಿದೆ.

“ಇವರು ಆಫೀಸಿನೋರಾ ಅಂದ್ರು ಆವಮ್ಮ. ಕೈ ಕಟ್ಕೊಂಡು ನಿಂತಿರೋದ್ರಲ್ಲೇ ಗೊತ್ತಾಗುತ್ತಂತೆ.”

ಹೊರಗಿನ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ಇತ್ತು. ಅಮೆರಿಕದ ಹತ್ತಿ ಹೊಲ, ಬಾಗಿದ ಬೆನ್ನುಗಳು, ಹೆಗಲ ಮೇಲೆ ಚೀಲ, ಎಲ್ಲರೂ ಕಪ್ಪು ಜನ. ಈ ಗಿರಣಿಗಳಿಗೆ ನೂಲಿನ ಹತ್ತಿ ಬಂದದ್ದು ಅಲ್ಲಿಂದ, ಗುಲಾಮರ ಕೈಯಿಂದ ಎಂದು ಕೆಳಗೆ ಬರೆದಿತ್ತು. ಅದನ್ನು ಎರಡು ಸಲ ಓದಿದೆ. ಮೂವತ್ತೈದು ವರ್ಷ ಹುಡುಕಿದ ಪಾಯಿಂಟು ಇಲ್ಲಿತ್ತು. ಇಲ್ಲಿಯ ಮಗ್ಗದೊಳಗೆ ಓಡುತ್ತಿದ್ದದ್ದೇ ಅಮೆರಿಕದ ಹತ್ತಿ. ಆ ಹತ್ತಿ ಬಿಡಿಸುತ್ತ ಅತ್ತವರ ಹಾಡಿನಿಂದಲೇ ಬ್ಲೂಸ್ ಬಂದದ್ದು. ಹಾಗಾದರೆ ಸದ್ದಿಗಿಂತ ಮೊದಲು ಅಳು. ಬಾಯಿ ತೆರೆದು ತಿರುಗಿದೆ. ನಯಾಜ್ ಬಾಗಿಲ ಹತ್ತಿರ ನಿಂತು ಒಳಗೆ ಮಗ್ಗಗಳು ಓಡುವುದನ್ನು ನೋಡುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡೆ.

ವಾಪಸು ರೈಲು

ಬರ್ಮಿಂಗ್‌ಹ್ಯಾಮಿನ ರೈಲಿನಲ್ಲಿ ಎದುರು ಬದುರು ಕೂತೆವು. ಕಿಟಕಿಯಾಚೆ ಕುರಿಗಳು, ಒದ್ದೆ ಹುಲ್ಲು. ಬೋಗಿಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಅವನಿಗೆ ಏನಾದರೂ ಕೊಡಬೇಕು ಎನಿಸಿತು. ಕೊಡಲು ನನ್ನ ಹತ್ತಿರ ಇದ್ದದ್ದು ಒಂದೇ. ಅವನ ಮೊಣಕಾಲು ತಟ್ಟಿ ಕರೆದೆ. ದನಿ ತೆಗೆಯಲಿಲ್ಲ. ಜೋನ್ ಮಾಡಿದ ಹಾಗೆ ಬಾಯಿ ಅಗಲ ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ತುಟಿಯಾಡಿಸಿದೆ. ಜೀವನದಲ್ಲಿ ಮೊದಲ ಸಲ.

ನೀನೇ ಗೆದ್ದೆ. ಇಂಗ್ಲೆಂಡೇ.

ಅವನು ನನ್ನ ತುಟಿಯನ್ನು ನೋಡಿದ. ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಕಪ್ಪಿಟ್ಟಿತು.

“ಯಾಕೋ ಒಪ್ಕೋತಿದೀಯ?”

ಅವನ ದನಿಗೆ ನಾಲ್ಕು ಸೀಟಿನವರು ತಲೆಯೆತ್ತಿದರು. ನಾನು ಭುಜ ಹಾರಿಸಿದೆ.

“ನಾನು ಕಿವುಡ ಆದೆ ಅಂತಾನಾ? ಪಾಪ ಅಂತಾನಾ? ಆ ಹತ್ತಿ ಫೋಟೋ ಮುಂದೆ ನೀನು ನಿಂತಿದ್ದು ನೋಡ್ದೆ ಕಣೋ ನಾನು. ಬಾಯಿಗೆ ಬಂದಿದ್ನ ನುಂಗ್ದೆ. ಕಿವಿ ಹೋಗಿದೆ ಲೇ, ಕಣ್ಣು ಹೋಗಿಲ್ಲ.”

ನನಗೆ ತಲೆ ಎತ್ತಲಾಗಲಿಲ್ಲ. ಅವನು ನನ್ನ ಗಲ್ಲ ಹಿಡಿದು ಎತ್ತಿದ. ತುಟಿ ಕಾಣಬೇಕಲ್ಲ.

“ಎಲ್ರೂ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತಾರೆ. ದಿನಾ ಅಷ್ಟೇ. ಇನ್ಮೇಲೆ ಸಾಯೋವರ್ಗೂ ಅಷ್ಟೇ. ನೀನೂ ಇವತ್ತು ಒಪ್ಕೊಂಡ್ಬಿಟ್ರೆ ನಾಳೆ ಬೆಳಿಗ್ಗೆ ನನ್ಹತ್ರ ಏನ್ ಮಾತಾಡ್ತೀಯ? ಊಟ ಆಯ್ತಾ ಅಂತೀಯ?”

ನನ್ನ ಕಣ್ಣಲ್ಲಿ ನೀರು ಬಂತು. ಅವನ ಕಣ್ಣಲ್ಲೂ ಇತ್ತು. ಪಕ್ಕದ ಸಾಲಿನ ಹೆಂಗಸೊಬ್ಬರು ಮಾತಿಲ್ಲದೆ ಒಂದು ಟಿಶ್ಯೂ ಪೊಟ್ಟಣವನ್ನು ನಮ್ಮ ಮೇಜಿಗೆ ಸರಿಸಿ, ಕಿ‌ಟಕಿಯ ಕಡೆ ಮುಖ ಮಾಡಿಕೊಂಡರು.

“ಹೇಳು” ಎಂದ ನಯಾಜ್. “ಅಮೆರಿಕ ಅನ್ನು.”

ಅಮೆರಿಕ, ಎಂದು ತುಟಿಯಾಡಿಸಿದೆ.

“ಕಾರಣ?”

ಮೂಗು ಒರೆಸಿಕೊಂಡು ಶುರು ಮಾಡಿದೆ. ಹತ್ತಿ ಎನ್ನಲು ಬೆರಳುಗಳನ್ನು ಉಬ್ಬಿಸಿ ತೋರಿಸಿದೆ. ಹಡಗು ಎನ್ನಲು ಕೈಯನ್ನು ನೀರಿನ ಮೇಲೆ ತೇಲಿಸಿದೆ. ಹತ್ತಿ ಬಿಡಿಸುವವರ ಬೆನ್ನು, ಅವರ ಹಾಡು, ಅದಕ್ಕೆ ಕೈ ಯಾವುದೆಂದು ತಿಳಿಯದೆ ಎದೆ ಮುಟ್ಟಿಕೊಂಡೆ. ಎರಡು ಕಡೆ ತಪ್ಪಿದಾಗ ಅವನೇ ನನ್ನ ಬೆರಳು ಹಿಡಿದು ತಿದ್ದಿದ. ಮೊದಲು ಅಳು, ಆಮೇಲೆ ಸದ್ದು, ಎಂಬಲ್ಲಿಗೆ ಬಂದಿದ್ದೆ. ನಯಾಜ್ ಸೀಟಿನ ತುದಿಗೆ ಜರುಗಿ ಕೂತಿದ್ದ, ಕಣ್ಣು ನನ್ನ ತುಟಿಯ ಮೇಲೆಯೇ ಇತ್ತು, ಮತ್ತು ನಾನಿನ್ನೂ ಮುಗಿಸುವ ಮೊದಲೇ ಅವನು ಇಲ್ಲ ಇಲ್ಲ ಎಂದು ತಲೆಯಾಡಿಸತೊಡಗಿದ್ದ.